ಬಾಳೆಪಟ್ಟೆಯ ಅರ್ಜಿ

ಎಪ್ಪತ್ತರ ದಶಕದ ಒಂದು ಬೇಸಿಗೆ. ಬೆಂಗಳೂರಿನಲ್ಲಿ ಕೈಯಿಂದ ಕಾಗದ ಮಾಡುವುದನ್ನು ಕಲಿಸುವ ಕೇಂದ್ರವೊಂದರಲ್ಲಿ ನಾನು ಮೇಷ್ಟ್ರಾಗಿದ್ದೆ. "ತುರುವೇಕೆರೆ ಕಡೆ ಯಾರೋ ಹೆಂಗಸರು ಬಾಳೆಯಿಂದ ಕಾಗದ ಮಾಡ್ತಾರಂತೆ. ಪ್ರಯೋಜನವಿಲ್ಲ ಅಂತ ಬರೆದು ಬನ್ನಿ" ಎಂದು ಮೇಲಧಿಕಾರಿ ಕಳುಹಿಸಿದರು. ನೋಡುವ ಮೊದಲೇ ತೀರ್ಪು ಕೊಟ್ಟಿದ್ದು ನನ್ನನ್ನು ಕೆಣಕಿತು.

ಬೆಳಗಿನ ರೈಲು ಹಿಡಿದು ಅಮ್ಮಸಂದ್ರದಲ್ಲಿ ಇಳಿದೆ. ಬದುಗಳ ಕತ್ತಾಳೆಯ ಮೇಲೂ ಅಲ್ಲಿನ ಕಾರ್ಖಾನೆಯ ಸಿಮೆಂಟಿನ ದೂಳು ಕೂತಿತ್ತು. ಮೂರು ಮೈಲಿ ನಡೆದು, ಆ ಕಾಗದ ಶುರುಮಾಡಿದ ಗೌರಮ್ಮನವರ ತೋಟ ಸೇರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಅವರು ಎಳನೀರು ಕೆತ್ತಿ ಕೊಟ್ಟು, ನೇರ ಒರಳಿನ ಹತ್ತಿರ ಕರೆದೊಯ್ದರು.

"ಮೊದ್ಲು ತೆಂಗಿನ ನಾರಲ್ಲೇ ನೋಡ್ದೆ ಕಣ್ರೀ ಮೇಷ್ಟ್ರೇ. ಎಷ್ಟು ಕುಟ್ಟಿದ್ರೂ ಬಗ್ಗಲಿಲ್ಲ. ಗೊನೆ ಕಡಿದ ಬಾಳೆ ಸುಮ್ನೆ ಕೊಳೀತಿತ್ತಲ್ಲ, ಅದರ ಪಟ್ಟೆ ಬೇಯಿಸ್ದೆ."

ಸುಣ್ಣದ ನೀರಿನಲ್ಲಿ ಬೆಂದ ಪಟ್ಟೆಯನ್ನು ತೊಳೆದು ನಾಲ್ವರು ಹೆಂಗಸರು ಕುಟ್ಟುತ್ತಿದ್ದರು. ಅದನ್ನು ತೊಟ್ಟಿಯ ನೀರಿಗೆ ಕಲಸಿ, ಬಲೆ ಬಿಗಿದ ಚೌಕಟ್ಟಿನಲ್ಲಿ ಎತ್ತಿ ಒಣಗಿಸಿದರೆ ಹಾಳೆ. ಗಂಜಿ ಸವರಿದ ಒಂದು ಹಾಳೆಯ ಮೇಲೆ ನನ್ನ ಹೆಸರು ಬರೆದೆ. ಶಾಯಿ ಹರಡಲಿಲ್ಲ. ಮಳೆ ಹಿಡಿದರೆ ಒಣಗಿಸಲು ಜಾಗವಿರಲಿಲ್ಲ. ಊರಲ್ಲಿ ಬೀಗ ಬಿದ್ದಿದ್ದ ಸರ್ಕಾರಿ ಗೋದಾಮನ್ನು ಕೇಳಿ ಗೌರಮ್ಮ ಎರಡು ಸಲ ಹೋದರೂ ತಾಲ್ಲೂಕು ಕಚೇರಿಯವರು ಅರ್ಜಿ ತೆಗೆದುಕೊಂಡಿರಲಿಲ್ಲ.

ಮರುದಿನ ಗೌರಮ್ಮನವರ ಜೊತೆ ಬಸ್ಸಿನಲ್ಲಿ ತುರುವೇಕೆರೆಯ ಆ ಕಚೇರಿಗೆ ಹೋದೆ. ಈ ಸಲ ಅರ್ಜಿಯನ್ನು ಅವರು ತಮ್ಮ ಹಾಳೆಯ ಮೇಲೇ ಬರೆದಿದ್ದರು. ಗುಮಾಸ್ತರು ಅದನ್ನು ಬೆರಳ ತುದಿಯಲ್ಲಿ ಹಿಡಿದು, "ಬಿದಿರಿಲ್ಲದೆ ಕಾಗದ ಆಗುತ್ತೇನಮ್ಮ? ಒಳ್ಳೇ ಹಾಳೇಲಿ ಬರ್ಕೊಂಡು ಬಾ" ಎಂದರು.

ನನಗೆ ತಡೆಯಲಾಗಲಿಲ್ಲ. "ಜಪಾನಿನಲ್ಲಿ ಗಿಡದ ತೊಗಟೆ, ಚೀನಾದಲ್ಲಿ ಹುಲ್ಲು, ಫಿಲಿಪೈನ್ಸಿನಲ್ಲಿ ಬಾಳೆ ಜಾತಿಯದೇ ನಾರು, ಎಲ್ಲಾ ಕಾಗದ ಆಗಿದೆ. ನಿಮ್ಮ ಜೇಬಿನ ನೋಟು ಹತ್ತಿ ನಾರಿಂದು ಸ್ವಾಮಿ. ಅದೂ ಬೇಡ್ವಾ?"

ಗುಮಾಸ್ತರು ಅರ್ಜಿಯನ್ನು ಹಿಂದಕ್ಕೆ ತಳ್ಳಿದರು. ಗೌರಮ್ಮ ಮತ್ತೆ ಮುಂದಿಟ್ಟರು. "ಎಳೀರಿ ನೋಡಾನ. ಹರಿದ್ರೆ ಎದ್ದು ಹೋಯ್ತೀನಿ. ಹರೀದಿದ್ರೆ ಅರ್ಜಿ ತಗೊಂಡು ಸೀಲು ಒತ್ತಿ."

ಗುಮಾಸ್ತರು ಎರಡು ತುದಿ ಹಿಡಿದು ಎಳೆದರು. ಕಚೇರಿಯವರೆಲ್ಲ ಇತ್ತ ತಿರುಗಿದರು. ಹಾಳೆ ಸುಕ್ಕಾಯಿತು, ಹರಿಯಲಿಲ್ಲ. ಸೀಲು ಬಿತ್ತು.

ಅಲ್ಲೇ ಬೆಂಚಿನ ಮೇಲೆ ಕೂತು ನಾನೂ ವರದಿ ಬರೆದೆ: ಕಾಗದ ಚೆನ್ನಾಗಿದೆ, ಗೋದಾಮು ಕೊಡಬೇಕು. ಒಂದು ಪ್ರತಿಯನ್ನು ಅರ್ಜಿಗೆ ಲಗತ್ತಿಸಿದೆ. ಬೆಂಗಳೂರಿನಲ್ಲಿ ಬೈಗುಳ ಕಾದಿತ್ತು, ಕಾಯಲಿ.

"ಅಷ್ಟಾದರೂ ಗೋದಾಮು ಕೊಡದಿದ್ದರೆ?" ಎಂದು ಕಚೇರಿಯ ಮುಂದೆ ಬೆಂಗಳೂರಿನ ಬಸ್ಸು ಹತ್ತುವಾಗ ಕೇಳಿದೆ.

"ಇದೇ ಕಚೇರಿ ಜಗಲಿ ಮೇಲೆ ಹಾಳೆ ಒಣಗಾಕ್ತೀನಿ ಬುಡಿ."

ಬಸ್ಸು ಹೊರಟಾಗ ತಿರುಗಿ ನೋಡಿದೆ. ಗೌರಮ್ಮ ಸೆರಗು ಬಿಗಿದು, ಆ ಜಗಲಿಯ ಉದ್ದವನ್ನು ಹೆಜ್ಜೆ ಹಾಕಿ ಅಳೆಯುತ್ತಿದ್ದರು.