ಗೋಡೆಯ ಡಬ್ಬಕ್ಕೆ ಬುದ್ಧಿ ಮರಳಿದ್ದು

ಬೆಳಿಗ್ಗೆ ಎದ್ದ ಕೂಡಲೇ ಅಂಗೈ ನೋಡಿಕೊಳ್ಳಬೇಕು, ಆಮೇಲೆ ದೇವರ ಪಟ ನೋಡಬೇಕು ಎಂದು ನನಗೆ ಕಲಿಸಿದ್ದರು. ಈಗೀಗ ನನ್ನ ಕಣ್ಣು ಎರಡನ್ನೂ ದಾಟಿ ನಡುಮನೆಯ ಗೋಡೆಯ ಮೇಲಿನ ಕಪ್ಪು ಡಬ್ಬದ ಕಡೆಗೆ ಹೋಗುತ್ತದೆ. ಅದರ ಮೈಮೇಲೆ ಸಾಸಿವೆ ಕಾಳಿನಷ್ಟು ಗಾತ್ರದ ದೀಪಗಳು ಸಾಲಾಗಿ ಮಿನುಗುತ್ತಿರುತ್ತವೆ. ಅವು ಹಸಿರಾಗಿದ್ದರೆ ಒಲೆ ಹಚ್ಚಲು ಹೋಗುತ್ತೇನೆ. ನನ್ನ ಭಕ್ತಿ ಹೀಗೆ ದಾರಿ ತಪ್ಪಿದ್ದಕ್ಕೆ ದೇವರು ಬೇಸರಪಟ್ಟಿರಲಾರ. ಅವನ ಪಟದ ಸುತ್ತಲಿನ ಬಣ್ಣದ ದೀಪದ ಸರಕ್ಕೂ ಕರೆಂಟು ಬರುವುದು ಆ ಡಬ್ಬದ ಪಕ್ಕದ ಪ್ಲಗ್ಗಿನಿಂದಲೇ.

ಆವತ್ತು ವಿಡಿಯೊ ಕಾಲಿಗೆ ಯಾಕೆ ಸಿಗಲಿಲ್ಲ ಎಂದು ಚಳ್ಳಕೆರೆಯ ಹಾಸ್ಟೆಲಿನಿಂದ ನೀವಿಬ್ಬರೂ ಕೇಳಿದ್ದಿರಿ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ. ಎದುರಿಗೆ ಮುಖವೂ ಕಂಡರಂತೂ ಬಂದ ಮಾತೂ ಹಿಂದಕ್ಕೆ ಹೋಗುತ್ತದೆ. ಕೊಂಡ್ಲಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದರೆ, ಉತ್ತರ ಗೊತ್ತಿದ್ದರೂ, ಕೆಳಗೆ ಬೀಳದ ಬಳಪವನ್ನು ಹುಡುಕುತ್ತ ಬಗ್ಗುತ್ತಿದ್ದವಳು ನಾನು. ಬರೆಯಿರಿ ಎಂದರೆ ಮಾತ್ರ ಹಲಗೆ ತುಂಬುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ನಿಧಾನಕ್ಕೆ ಓದಿ, ಅಜ್ಜಿಗೆ ಈಚೆಗೆ ಎಲ್ಲಕ್ಕೂ ಆಯಾಸ.

ಆ ಡಬ್ಬಕ್ಕೆ ಸ್ವಿಚ್ಚು ಎನ್ನುತ್ತಾರೆ. ಮೇನ್ ರಸ್ತೆಯಿಂದ ಒಂದೇ ತಂತಿಯಲ್ಲಿ ಬಂದ ಇಂಟರ್‌ನೆಟ್ಟನ್ನು ನಮ್ಮ ನೇಕಾರರ ಬೀದಿಯ ಮನೆಮನೆಗೂ ಪಾಲು ಮಾಡಿ ಕಳಿಸುವುದು ಅದರ ಕೆಲಸ. ನಿಮ್ಮವ್ವ ಭಾಗ್ಯ ಈ ಲೈನುಗಳನ್ನು ಎಳೆಯಲು ಶುರುಮಾಡಿದಾಗ, ಸೀರೆ ಉಟ್ಟವಳು ಏಣಿ ಹತ್ತುವುದನ್ನು ನೋಡಲೆಂದೇ ಬೀದಿಯವರು ಮಗ್ಗ ಬಿಟ್ಟು ಹೊರಗೆ ಬಂದಿದ್ದರು. ಈಗ ಅವರೇ ಸೀರೆಯ ಫೋಟೊಗಳನ್ನು ಅಂಗಡಿಗಳಿಗೆ ಕಳಿಸುವುದು ಅವಳ ಲೈನಿನಲ್ಲಿ. ಆದರೆ ಚಳ್ಳಕೆರೆಯ ಕೇಬಲ್ ಗುತ್ತಿಗೆದಾರನೊಬ್ಬನ ಕಣ್ಣು ಆ ಲೈನುಗಳ ಮೇಲಿತ್ತು. ಫೋನು ಮಾಡಿದಾಗಲೆಲ್ಲ, "ಸಿಸ್ಟರ್, ಇದು ಹೆಂಗಸರ ಕೈಲಿ ಆಗೋ ಕೆಲಸ ಅಲ್ರಿ, ನಮಗೆ ಬಿಟ್ಬಿಡ್ರಿ" ಎನ್ನುತ್ತಿದ್ದ. ಇವಳ ಕೈ ಒಂದು ಸಲ ಸೋಲಲಿ ಎಂದು ಕಾಯುತ್ತಿದ್ದ.

ಆ ದಿನ ಡಬ್ಬದ ಬುದ್ಧಿ ಹಳತಾಗಿದೆ, ಹೊಸದು ಹಾಕಬೇಕು ಎಂದು ಭಾಗ್ಯ ಲ್ಯಾಪ್‌ಟಾಪ್ ಹಿಡಿದು ಕೂತಳು. ಆ ಬುದ್ಧಿಗೆ ಫರ್ಮ್‌ವೇರ್ ಎನ್ನುತ್ತಾರಂತೆ. ನನಗೆ ಈ ಹೊಸದಾಗಿಸುವ ಗೋಜೇ ದಣಿವು ತರುತ್ತದೆ. ರೇಷನ್ ಅಂಗಡಿಯ ಯಂತ್ರಕ್ಕೆ ಬೆರಳು ಒತ್ತಿದರೆ ಅದು ನನ್ನನ್ನು ಗುರುತು ಹಿಡಿಯುವುದಿಲ್ಲ. ಇಷ್ಟು ವರ್ಷ ರೇಷ್ಮೆ ಎಳೆ ಉಜ್ಜಿ ಉಜ್ಜಿ ಬೆರಳಿನ ಗೆರೆಗಳೇ ಸವೆದಿವೆ. ಬೆರಳಚ್ಚನ್ನು ಮತ್ತೆ ಹೊಸದಾಗಿ ಮಾಡಿಸಿಕೊಂಡು ಬಾ ಎನ್ನುತ್ತಾರೆ. ಹೊಸ ಬೆರಳನ್ನು ಎಲ್ಲಿಂದ ತರಲಿ?

ಅದಿರಲಿ. ಮಧ್ಯಾಹ್ನದ ಊಟದ ಹೊತ್ತಿಗೆ ಯಾರೂ ಇಂಟರ್‌ನೆಟ್ ಬಳಸುವುದಿಲ್ಲ ಎಂಬ ಲೆಕ್ಕಾಚಾರದ ಮೇಲೆ ಅವಳು ಕೆಲಸ ಶುರುಮಾಡಿದಳು. ಹಳೆಯ ಬುದ್ಧಿ ಅಳಿಸಿ ಹೋಗಿ, ಹೊಸದು ಅರ್ಧ ಇಳಿದಿತ್ತು. ಆಗ ಬೀದಿಯ ಕೊನೆಯಿಂದ ತಮಟೆಯ ಸದ್ದು ಕೇಳಿಸಿತು.

ಬೆಳಿಗ್ಗೆ ನಮ್ಮ ಬೀದಿಯ ಹಿರಿಯ ನೇಕಾರರೊಬ್ಬರು ತೀರಿಕೊಂಡಿದ್ದರು, ಸಂಜೆಗೆ ಎತ್ತುತ್ತಾರೆ ಎಂದುಕೊಂಡಿದ್ದ ಹೆಣ ಆಗಲೇ ಹೊರಟಿತ್ತು. ಹೆಣ ಬೀದಿ ದಾಟುವವರೆಗೆ ಯಾವ ಮನೆಯಲ್ಲೂ ಮಗ್ಗದ ಸದ್ದು ಬರಬಾರದು ಎಂಬುದು ನಮ್ಮವರ ನೇಮ. ಮಗ್ಗವೇನೋ ಕೈ ಬಿಟ್ಟರೆ ನಿಲ್ಲುತ್ತದೆ. ನೂಲು ಸುತ್ತುವ ಮೋಟಾರು, ಫ್ಯಾನು, ಟಿವಿ ಇವುಗಳನ್ನೆಲ್ಲ ಒಂದೊಂದಾಗಿ ನಿಲ್ಲಿಸುತ್ತ ಓಡಾಡುವವರು ಯಾರು? ಹಾಗಾಗಿ ಭಾವನವರು, ಅಂದರೆ ನಿಮ್ಮ ದೊಡ್ಡತಾತ, ಯಾವಾಗಲೂ ಒಂದೇ ಕೆಲಸ ಮಾಡುತ್ತಾರೆ: ಎದ್ದು ಹೋಗಿ ಇಡೀ ಮನೆಯ ಕರೆಂಟು ಆರಿಸುವ ಮೇನ್ ಎಳೆಯುತ್ತಾರೆ. ಆವತ್ತೂ ಎಳೆದರು, ಕೈ ಮುಗಿದರು, ಹೆಣ ದಾಟಿದ ಮೇಲೆ ಮತ್ತೆ ಮೇಲಕ್ಕೆತ್ತಿದರು.

ಡಬ್ಬದಲ್ಲಿ ಹಸಿರು ಬರಲಿಲ್ಲ. ಒಂದೇ ಒಂದು ಕೇಸರಿ ದೀಪ ಮಿಸುಕದೆ ನಿಂತಿತ್ತು. ಕರೆಂಟು ಹೋದರೂ ಡಬ್ಬವನ್ನು ನಡೆಸುವ ಬ್ಯಾಟರಿ ಒಂದಿತ್ತು. ಅದು ರಿಪೇರಿಗೆಂದು ಹೋಗಿ ಅದೇ ಗುತ್ತಿಗೆದಾರನ ಅಂಗಡಿಯಲ್ಲಿ ಕೂತಿತ್ತು. ಭಾಗ್ಯ ಗೋಡೆಗೆ ಒರಗಿ, "ದೊಡ್ಡಮಾವ, ಅರ್ಧಕ್ಕೆ ಹೋತು. ಇದಕ್ಕೀಗ ಹಳೇದೂ ನೆನಪಿಲ್ಲ, ಹೊಸದೂ ಬರ್ತಿಲ್ಲ" ಎಂದಳು.

ಭಾವನವರು ನಡುಮನೆಯ ಕಂಬದ ಕಡೆ ನೋಡುತ್ತ, "ಹೆಣದ ಮುಂದೆ ಸದ್ದು ಮಾಡಾಕಾಗ್ತದೇನಮ್ಮಾ?" ಎಂದರು.

"ಆಗಲ್ಲ ಮಾವ. ನೀವು ಮಾಡಿದ್ದು ಸರಿನೇ ಐತೆ. ನನ್ನ ಟೈಮೇ ಸರಿ ಇಲ್ಲ."

ಇಂಟರ್‌ನೆಟ್ ಯಾಕಿಲ್ಲ ಎಂದು ಕೇಳುತ್ತ ಬೀದಿಯಿಂದ ಒಬ್ಬೊಬ್ಬರೇ ಬಾಗಿಲಿಗೆ ಬಂದರು. ನಿಮ್ಮಪ್ಪ ಸೀರೆ ತೆಗೆದುಕೊಂಡು ಬಳ್ಳಾರಿಯ ಕಡೆ ಹೋಗಿದ್ದ. ಗುತ್ತಿಗೆದಾರನಿಗೆ ಯಾರು ಹೇಳಿದರೋ, ಅವನ ಫೋನೂ ಬಂತು: ಬೆಳಿಗ್ಗೆ ಹೊಸ ಡಬ್ಬ ತಂದು ಕೂರಿಸುತ್ತಾನೆ, ಆದರೆ ಲೈನುಗಳೆಲ್ಲ ಅವನಿಗೆ ಸೇರಬೇಕು. "ಸಂಜಿಗೆ ಹೇಳ್ತೀನಿ ಅಣ್ಣ" ಎಂದು ಭಾಗ್ಯ ಫೋನು ಇಟ್ಟಳು. ಅವಳ ಮುಖ ನೋಡಲಾಗದೆ ನಾನು ಪಾತ್ರೆ ತೊಳೆಯಲು ಹೋದೆ. ಅವು ಮೊದಲೇ ತೊಳೆದ ಪಾತ್ರೆಗಳು.

ಸ್ವಲ್ಪ ಹೊತ್ತಿಗೆ ಅವಳು ಬಂದು, ಡಬ್ಬದ ಜೊತೆ ಒಂದು ನೀಲಿ ಚಪ್ಪಟೆ ತಂತಿ ಬಂದಿತ್ತಲ್ಲ, ಎಲ್ಲಿದೆ ಎಂದು ಕೇಳಿದಳು. ಅದು ಅಟ್ಟದ ಮೇಲಿತ್ತು. ಬಹಳ ಗಟ್ಟಿಯಾದ ತಂತಿ. ನಿಮ್ಮ ಹಾಸಿಗೆಯ ಸುರುಳಿಯನ್ನು ನಾನೇ ಅದರಿಂದ ಬಿಗಿದು ಕಟ್ಟಿದ್ದೆ. ಬಿಚ್ಚಿ ತಂದುಕೊಟ್ಟೆ. ಭಾಗ್ಯ ನಕ್ಕಳು, ಆ ಮಧ್ಯಾಹ್ನ ಅದೊಂದೇ ಸಲ.

ಅವಳು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು: ಎಷ್ಟೇ ಅಳಿಸಿದರೂ ಅಳಿಯದ ಒಂದು ಚೂರು ಬುದ್ಧಿಯನ್ನು ಡಬ್ಬದ ತಳದಲ್ಲಿ ಇಟ್ಟಿರುತ್ತಾರೆ. ಅದಕ್ಕೆ ಇಂಟರ್‌ನೆಟ್ ಹಂಚಲು ಬರುವುದಿಲ್ಲ, ಕೊಟ್ಟದ್ದನ್ನು ಇಸಿದುಕೊಳ್ಳಲು ಮಾತ್ರ ಬರುತ್ತದೆ. ನಾವು ಸೀರೆಗಳು ಮುಗಿದ ಮೇಲೆ ಹಳೆಯ ಹಾಸಿನ ಉದ್ದೆಳೆಗಳ ತುದಿಯನ್ನು ಮಗ್ಗದಲ್ಲೇ ಬಿಟ್ಟಿರುತ್ತೇವಲ್ಲ, ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದಕ್ಕೆ ಹೊಸೆದು ಸೇರಿಸಲು, ಹಾಗೆ. ಇದನ್ನು ನಾನು ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಕೆಲಸವೇನೂ ಬೇಗ ಆಗುತ್ತಿರಲಿಲ್ಲ.

"ಅತ್ತೆ, ಈ ತೂತಿನಾಗೆ ಪಿನ್ನು ಒತ್ತಿ ಹಿಡ್ಕಳ್ರಿ. ನಾನು ಪ್ಲಗ್ಗು ಹಾಕ್ತೀನಿ. ಬಿಡ್ರಿ ಅನ್ನೋಗಂಟ ಬಿಡಬ್ಯಾಡ್ರಿ."

ಸೀರೆಯ ಪಿನ್ನು ತೆಗೆದು ಒತ್ತಿ ಹಿಡಿದೆ. ರೇಷನ್ ಯಂತ್ರ ಗುರುತು ಹಿಡಿಯದ ಬೆರಳಿಗೆ ಆ ಡಬ್ಬ ಆಕ್ಷೇಪ ಎತ್ತಲಿಲ್ಲ. ದೀಪ ಒಮ್ಮೆ ಮಿಟುಕಿತು. ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಅಕ್ಷರ ಮೂಡಿತು. ಭಾಗ್ಯ ತಾನು ಇಟ್ಟುಕೊಂಡಿದ್ದ ಹಳೆಯ ಬುದ್ಧಿಯ ಫೈಲನ್ನು ನೀಲಿ ತಂತಿಯಲ್ಲಿ ಕಳಿಸತೊಡಗಿದಳು. ಅದು ಹನಿಹನಿಯಾಗಿ ಇಳಿಯುತ್ತದಂತೆ, ಮುಗಿಯಲು ಸಂಜೆಯಾಗುತ್ತದಂತೆ. ಅಲ್ಲಿಯವರೆಗೆ ಕರೆಂಟು ಒಂದು ಕ್ಷಣವೂ ಹೋಗಬಾರದು, ಹೋದರೆ ಮತ್ತೆ ಮೊದಲಿನಿಂದ. ಕತ್ತಲಾದ ಮೇಲೂ ಬೀದಿಯವರು ಕಾಯುತ್ತಾರೋ, ಗುತ್ತಿಗೆದಾರನ ಕಡೆ ಹೋಗುತ್ತಾರೋ.

ಕಾಯುವುದು ನನಗೆ ಹೊಸದಲ್ಲ. ನಿಮ್ಮ ತಾತ ಹೋದ ಮೇಲೆ ಬಹುಪಾಲು ಅದನ್ನೇ ಮಾಡಿದ್ದೇನೆ. ಆದರೆ ಏನನ್ನೂ ಮುಟ್ಟದೆ ಕಾಯುವುದಿದೆಯಲ್ಲ, ಮಗ್ಗದ ಮನೆಯವರಿಗೆ ಅದಕ್ಕಿಂತ ದಣಿವಿನ ಕೆಲಸ ಬೇರೆ ಇಲ್ಲ. ಭಾವನವರು ಮೇನಿನ ಕೆಳಗೆ ಸ್ಟೂಲು ಹಾಕಿಕೊಂಡು ಕೂತರು.

ಆಗ ಜಟಿಂಗ ರಾಮೇಶ್ವರನ ಬೆಟ್ಟದ ಕಡೆ ಗುಡುಗಿತು.

ನಮ್ಮೂರಿನಲ್ಲಿ ಗುಡುಗಿದ್ದೆಲ್ಲ ಮಳೆಯಾಗುವುದಿಲ್ಲ. ಆದರೆ ಒಮ್ಮೆ ಸಿಡಿಲಿಗೆ ಟಿವಿ ಸುಟ್ಟ ದಿನದಿಂದ, ಗುಡುಗಿದ ಕೂಡಲೇ ಭಾವನವರ ಕೈ ಮೇನಿಗೆ ಹೋಗುತ್ತದೆ. ಯೋಚನೆಗಿಂತ ಮೊದಲೇ ಹೋಗುತ್ತದೆ. ಈಗಲೂ ಅವರು ಎದ್ದರು, ಕೈ ಚಾಚಿದರು. ಭಾಗ್ಯ ಹಿತ್ತಲಿನಲ್ಲಿ ಮುಖ ತೊಳೆಯುತ್ತಿದ್ದಳು. ಇದ್ದವಳು ನಾನೊಬ್ಬಳೇ.

ಮಕ್ಕಳೇ, ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಭಾವನವರ ಜೊತೆ ನೇರವಾಗಿ ಮಾತಾಡಿದವಳಲ್ಲ. ಊಟಕ್ಕೆ ಕರೆಯುವುದಿದ್ದರೂ ಆ ಕಂಬಕ್ಕೆ ಹೇಳುತ್ತೇನೆ. ಅವರೂ ಕಂಬಕ್ಕೇ ಉತ್ತರ ಕೊಡುತ್ತಾರೆ. ನಮ್ಮ ಮನೆಯಲ್ಲಿ ಅತಿ ಹೆಚ್ಚು ಸಮಾಚಾರ ಗೊತ್ತಿರುವುದು ಆ ಕಂಬಕ್ಕೆ. ಈಗಲೂ ಕಂಬದ ಕಡೆ ತಿರುಗಿದೆ. ಅದಕ್ಕೆ ಹೇಳಿ, ಅದರಿಂದ ಅವರಿಗೆ ತಲುಪುವಷ್ಟು ಹೊತ್ತು ಇರಲಿಲ್ಲ.

"ಭಾವಾ, ತೆಗೀಬ್ಯಾಡ್ರಿ" ಎಂದೆ. ದನಿ ಬೇರೆ ಯಾರದೋ ಎನ್ನಿಸಿತು.

ಅವರು ತಿರುಗಲಿಲ್ಲ. ಮೇನಿನ ಹಿಡಿಯನ್ನು ಮೇಲಕ್ಕೇ ಒತ್ತಿ ಹಿಡಿದುಕೊಂಡು, ಕಂಬಕ್ಕೆ ಹೇಳಿದರು: "ತೆಗ್ಯಲ್ಲ ಅನ್ನು ಆಯಮ್ಮಂಗೆ. ಈ ಕೈ ನನ್ನ ಮಾತು ಕೇಳಲ್ಲ, ಅದಕ್ಕೇ ಇಲ್ಲೇ ಕೆಲಸ ಕೊಟ್ಟೀನಿ."

ಮತ್ತೆ ಗುಡುಗಿತು. ಅವರು ಹಿಡಿ ಬಿಡಲಿಲ್ಲ. ಕರೆಂಟಿನವರೇ ತೆಗೆದಿದ್ದರೆ ಅವರು ಹಿಡಿದು ಏನಾಗುತ್ತಿತ್ತು ಎಂಬುದು ನನಗೆ ಆಮೇಲೆ ಹೊಳೆಯಿತು. ಭಾಗ್ಯಳಿಗೆ ಆಗಲೇ ಹೊಳೆದಿರಬೇಕು, ಅವಳು ಸೆರಗಿನಿಂದ ಮುಖ ಒರೆಸುತ್ತ ಬಾಗಿಲಲ್ಲಿ ನಿಂತಳು, ಅವರನ್ನು ತಿದ್ದಲು ಹೋಗಲಿಲ್ಲ. ಮೋಡ ಎಂದಿನಂತೆ ಆಂಧ್ರದ ಕಡೆಗೆ ಹೋಯಿತು.

ದೀಪ ಹಚ್ಚುವ ಹೊತ್ತಿಗೆ ಕೇಸರಿ ಆರಿತು. ಒಂದು ಗಳಿಗೆ ಡಬ್ಬದ ಮೇಲೆ ಯಾವ ದೀಪವೂ ಇರಲಿಲ್ಲ. ಆಮೇಲೆ ಒಂದು ಹಸಿರು, ಪಕ್ಕದಲ್ಲಿ ಇನ್ನೊಂದು. ಬೀದಿಯಲ್ಲಿ ಯಾರೋ "ಬಂತು ಬಂತು" ಎಂದರು. ಭಾಗ್ಯ ಚಳ್ಳಕೆರೆಗೆ ಫೋನು ಮಾಡಿ, "ಅಣ್ಣ, ಬೆಳಿಗ್ಗೆ ನೀವು ಬರಬ್ಯಾಡ್ರಿ. ನಾನೇ ಬರ್ತೀನಿ, ನಮ್ಮ ಬ್ಯಾಟರಿ ತಗಂಡ್ ಹೋಗಾಕೆ" ಎಂದಳು. ಭಾವನವರು ತೋಳು ನೀವಿಕೊಳ್ಳುತ್ತ ಊಟಕ್ಕೆ ಕೂತರು.

ಈ ನಡುವೆ ಬೀದಿಯಲ್ಲಿ ಇನ್ನೊಂದು ಸಾವಾಯಿತು. ತಮಟೆ ಕೇಳಿದಾಗ ಭಾವನವರು ಎದ್ದರು. ಮೇನಿನ ಕಡೆ ಹೋಗಲಿಲ್ಲ. ಮೊಣಕಾಲು ಹಿಡಿದುಕೊಂಡು ಮನೆಯೆಲ್ಲ ಸುತ್ತಿ ಮೋಟಾರು, ಟಿವಿ, ಫ್ಯಾನು ಎಂದು ಒಂದೊಂದನ್ನೇ ಆರಿಸಿದರು. ಡಬ್ಬದ ಮುಂದೆ ನಿಂತು ಕಿವಿಗೊಟ್ಟು ಕೇಳಿದರು. "ಇದು ಸದ್ದು ಮಾಡಲ್ಲ, ಇರ್ಲಿ ಬಿಡು" ಎಂದು ಕಂಬಕ್ಕೆ ಹೇಳಿ ಕೈ ಮುಗಿದು ನಿಂತರು.

ಈಗಲೂ ಬೆಳಿಗ್ಗೆ ಎದ್ದ ಕೂಡಲೇ ಕಣ್ಣು ಅಲ್ಲಿಗೇ ಹೋಗುತ್ತದೆ. ಹಸಿರು ಕಂಡ ಮೇಲೆ ಒಂದು ಗಳಿಗೆ ನಿಂತು, ಗೆರೆ ಸವೆದ ಅಂಗೈಯನ್ನೂ ನೋಡಿಕೊಳ್ಳುತ್ತೇನೆ. ಆಮೇಲೆ ಒಲೆ ಹಚ್ಚಿ, ಕಾಫಿ ಆಗಿದೆ ಎಂದು ಹೇಳುತ್ತೇನೆ. ಕಂಬಕ್ಕೇ ಹೇಳುತ್ತೇನೆ, ಆದರೆ ಈಚೆಗೆ ಸ್ವಲ್ಪ ಗಟ್ಟಿಯಾಗಿ.