ಟ್ರೆಸಾ ಮತ್ತು ಓವಾಕ್ಕನ ಎಡಪಾದ

ಟ್ರೆಸಾ ಸ್ಲೋನ್ ಮೊದಲ ಸಲ ಕಾಲೇಜಿಗೆ ಹೋಗಿ ಫೇಲಾದದ್ದಕ್ಕೆ ಕಾರಣ ಹುಡುಕಲು ಕಷ್ಟಪಡಬೇಕಾಗಿಲ್ಲ. ಗುರುವಾರದ ಕೊನೆಯ ತರಗತಿ ಮುಗಿದ ಕೂಡಲೇ ಅವಳು ಕಾರು ಹತ್ತಿ ಮನೆಗೆ ಹೊರಡುತ್ತಿದ್ದಳು. ರಸಾಯನಶಾಸ್ತ್ರದ ಲ್ಯಾಬು ಇದ್ದದ್ದು ಶುಕ್ರವಾರ ಬೆಳಿಗ್ಗೆ. ಜೀವಶಾಸ್ತ್ರದ್ದು ಅದೇ ದಿನ ಮಧ್ಯಾಹ್ನ.

ಕೆಂಟಕಿಯ ಪೂರ್ವದ ಈ ಗುಡ್ಡಗಳಲ್ಲಿ ಇದನ್ನು ಯಾರೂ ತಪ್ಪೆಂದುಕೊಳ್ಳಲಿಲ್ಲ. ನಮ್ಮ ಚರ್ಚಿನ ಕೂಟ ತಿಂಗಳಿಗೆ ಒಂದೇ ಸಲ, ಶನಿವಾರ ಮತ್ತು ಭಾನುವಾರ. ಆದರೆ ಉಳಿದ ವಾರಗಳಲ್ಲಿ ಪಕ್ಕದ ಕಣಿವೆಗಳ ಚರ್ಚುಗಳಿಗೆ ಹೋಗುವುದು ವಾಡಿಕೆ. ಹಾಗಾಗಿ ಬಿಡುವಿನ ವಾರ ಅಂತ ಒಂದು ಇರುವುದೇ ಇಲ್ಲ. ಟ್ರೆಸಾಳನ್ನು ಸಾಕಿದ್ದು ಅಜ್ಜಿ. ಗುರುವಾರ ಕತ್ತಲಾಗುವ ಹೊತ್ತಿಗೆ ಒಲೆಯ ಮೇಲೆ ಬೀನ್ಸ್ ಬೇಯುತ್ತಿತ್ತು, ಬಾಣಲೆಯಲ್ಲಿ ಮೆಕ್ಕೆಜೋಳದ ಬ್ರೆಡ್ಡು. ನೋಡಿದವರೆಲ್ಲ, ಹುಡುಗಿ ದೊಡ್ಡ ಊರಿಗೆ ಹೋದರೂ ಮನೆ ಮರೆತಿಲ್ಲ ಎಂದು ಹೊಗಳಿದರು. ವರ್ಷದ ಕೊನೆಯಲ್ಲಿ ವಿಶ್ವವಿದ್ಯಾಲಯದವರು ಇನ್ನು ಬರಬೇಡಿ ಎಂದು ತಿಳಿಸಿದಾಗ ಅಜ್ಜಿಗೆ ನಿಜಕ್ಕೂ ಆಶ್ಚರ್ಯವಾಯಿತು. ಇಷ್ಟು ಒಳ್ಳೆಯ ಹುಡುಗಿಗೆ ಹೀಗೆ ಮಾಡುವವರು ಎಂಥ ಜನ ಎಂದು ಅವರು ಬಹಳ ದಿನ ಬೈದುಕೊಂಡರು.

ನಾನು ತಾಲ್ಲೂಕು ಪಟ್ಟಣದ ಸಣ್ಣ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಟ್ರೆಸಾ ಇಪ್ಪತ್ತಾರನೆಯ ವಯಸ್ಸಿನಲ್ಲಿ ನನ್ನ ತರಗತಿಗೆ ಬಂದಳು. ಅಷ್ಟರಲ್ಲಿ ಅವಳು ಡಾಕ್ಟರ್ ಪೆಲ್ಫ್ರಿಯವರ ಪಾದದ ಚಿಕಿತ್ಸಾಲಯದಲ್ಲಿ ಆರು ವರ್ಷ ಕೆಲಸ ಮಾಡಿದ್ದಳು. ಮೊದಲು ಫೋನ್ ಎತ್ತುವುದು, ಆಮೇಲೆ ಒಳಗಿನ ಕೋಣೆಯಲ್ಲಿ ಡಾಕ್ಟರಿಗೆ ಸಹಾಯ. ನಮ್ಮ ಜಿಲ್ಲೆಯಲ್ಲಿ ಶುಗರ್ ಇಲ್ಲದ ಮನೆ ಕಡಿಮೆ. ಶುಗರ್ ಹೆಚ್ಚಿದವರ ಪಾದ ಮರಗಟ್ಟುತ್ತದೆ, ಚುಚ್ಚಿದ್ದು ತಿಳಿಯುವುದಿಲ್ಲ, ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ಪೆಲ್ಫ್ರಿಯವರಿಗೆ ಅರವತ್ತೆಂಟು. ಅವರು ಕೆಲಸ ನಿಲ್ಲಿಸಿದರೆ ಅವರ ಜಾಗಕ್ಕೆ ಬರುವವರಿಲ್ಲ. ಒಂದು ದಿನ ಅವರು ಟ್ರೆಸಾಳನ್ನು ಕರೆದು, ನೀನೇ ಯಾಕೆ ಪಾದದ ಡಾಕ್ಟರಾಗಲು ಓದಬಾರದು ಎಂದು ಕೇಳಿದರಂತೆ. ಅವಳು ತಮಾಷೆ ಎಂದುಕೊಂಡು ನಕ್ಕಳು. ಅವರು ನಗಲಿಲ್ಲ.

ಹಳೆಯ ಅಂಕಗಳು ಅಳಿಸಿಹೋಗುವುದಿಲ್ಲ. ಅದೇ ವಿಷಯವನ್ನು ಮತ್ತೆ ಓದಿ ಚೆನ್ನಾಗಿ ಪಾಸಾದರೂ ಪಾದವೈದ್ಯದ ಕಾಲೇಜಿನಲ್ಲಿ ಅರ್ಜಿ ನೋಡುವವರು ಎರಡನ್ನೂ ಕೂಡಿಸಿಯೇ ಲೆಕ್ಕ ಹಾಕುತ್ತಾರೆ. ಇದನ್ನು ನಾನು ಮೊದಲ ದಿನವೇ ಅವಳಿಗೆ ಬಿಡಿಸಿ ಹೇಳಿದೆ. ಅವಳು, ಹಾಗಾದರೆ ಕೂಡಿಸುವಾಗ ಹೊಸದು ಜಾಸ್ತಿ ಇರಬೇಕು, ಅಷ್ಟೇ ತಾನೆ ಎಂದಳು. ಮೂರು ವರ್ಷ ಹಗಲು ಕೆಲಸ ಮಾಡಿ ಸಂಜೆ ಓದಿದಳು. ಅವಳು ಅಸಾಧಾರಣ ಬುದ್ಧಿವಂತೆ ಎಂದು ನಾನು ಹೇಳಲಾರೆ. ತೂಕ ಮಾಡಿದ್ದನ್ನು ಇನ್ನೊಮ್ಮೆ ತೂಕ ಮಾಡುತ್ತಿದ್ದಳು. ತನ್ನ ಫಲಿತಾಂಶ ತಪ್ಪಾಗಿದ್ದರೆ ಪಕ್ಕದವರದ್ದನ್ನು ನೋಡಿ ತಿದ್ದುತ್ತಿರಲಿಲ್ಲ, ಎಲ್ಲಿ ತಪ್ಪಿತು ಎಂದು ಕೇಳುತ್ತಿದ್ದಳು. ಕಲಿಸುವವರಿಗೆ ಅದು ಸಾಕು.

ಅರ್ಜಿ ಹಾಕುವ ವರ್ಷದ ಮೇ ತಿಂಗಳಲ್ಲಿ ಪಾದ ತೊಳೆಯುವ ಭಾನುವಾರ ಬಂತು. ಅಂದು ನಡೆದದ್ದನ್ನು ಓವಾಕ್ಕ ಬರೆಯಬಹುದು ಎಂದ ಮೇಲೆಯೇ ಬರೆಯುತ್ತಿದ್ದೇನೆ.

ವರ್ಷಕ್ಕೊಂದು ಸಲ ನಮ್ಮ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿದ ಮೇಲೆ ಒಬ್ಬರ ಪಾದ ಇನ್ನೊಬ್ಬರು ತೊಳೆಯುತ್ತಾರೆ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಸೊಂಟಕ್ಕೆ ಉದ್ದನೆಯ ಟವೆಲ್ ಕಟ್ಟಿಕೊಂಡು, ಬಿಳಿ ಬೋಗುಣಿಯ ಮುಂದೆ ಮಂಡಿಯೂರಬೇಕು. ಎಲ್ಲರೂ ಮನೆಯಲ್ಲೇ ಕಾಲು ಉಜ್ಜಿ ತೊಳೆದು ಹೊಸ ಕಾಲುಚೀಲ ಹಾಕಿಕೊಂಡು ಬರುತ್ತಾರೆ, ಆದ್ದರಿಂದ ತೊಳೆಯಲು ಕೊಳೆ ಇರುವುದಿಲ್ಲ. ಹಾಡು ಇರುತ್ತದೆ, ಅಳು ಇರುತ್ತದೆ. ಆದರೆ ಕೈಗೆ ಬಂದ ಪಾದದ ಬಗ್ಗೆ ಯಾರೂ ಮಾತಾಡುವುದಿಲ್ಲ, ಅಲ್ಲಿಯೂ ಇಲ್ಲ, ಆಮೇಲೂ ಇಲ್ಲ. ಯಾರ ಬೆರಳು ಸೊಟ್ಟ, ಯಾರ ಉಗುರು ಕಪ್ಪು ಎನ್ನುವುದು ಬೋಗುಣಿಯ ನೀರಿನ ಜೊತೆ ಹಿತ್ತಿಲಿಗೆ ಹೋಗಬೇಕು. ಹೀಗಿರುವುದರಿಂದಲೇ ಹೆಮ್ಮೆಯ ಹೆಂಗಸರೂ ಇನ್ನೊಬ್ಬರ ಮುಂದೆ ಕಾಲು ಚಾಚುತ್ತಾರೆ.

ಟ್ರೆಸಾಳ ಪಾಲಿಗೆ ಬಂದವರು ಓವಾ ನೇಪಿಯರ್. ಎಪ್ಪತ್ತಾರು ವರ್ಷ, ಆದರೂ ಅಕ್ಕ. ಚರ್ಚಿಗೆ ಸೇರಿದವರೆಲ್ಲ ನಮ್ಮಲ್ಲಿ ಅಕ್ಕ, ಅಣ್ಣ. ಓವಾಕ್ಕ ಬಲಗಾಲನ್ನು ತಾವೇ ನೀರಿಗಿಟ್ಟರು. ಎಡಗಾಲನ್ನು ಇಡಲು ತಡಮಾಡಿದರು. ಟ್ರೆಸಾ ಅಂಗಾಲಿನ ಕೆಳಗೆ ಕೈಯಿಟ್ಟಾಗ ಹೆಬ್ಬೆರಳ ಬುಡದಲ್ಲಿ ಅವಳ ಬೆರಳಿಗೆ ಒಂದು ತೂತು ಸಿಕ್ಕಿತು. ಸುತ್ತ ಗಟ್ಟಿ ಚರ್ಮ, ಒಳಗೆ ಮೆತ್ತಗೆ. ಅವಳು ತಲೆ ಎತ್ತಿದಳು. ಓವಾಕ್ಕ ಅವಳನ್ನೇ ನೋಡುತ್ತಿದ್ದರು. ಟ್ರೆಸಾ ನೀರು ಹಾಕಿ ತೊಳೆದಳು, ಒತ್ತದೆ ಒರೆಸಿದಳು, ಕಾಲುಚೀಲ ಹಾಕಿ ಎದ್ದು ಅವರನ್ನು ತಬ್ಬಿಕೊಂಡಳು.

ಊಟಕ್ಕೆ ಮರದ ಕೆಳಗೆ ಮೇಜು ಹಾಕಿದ್ದರು. ಟ್ರೆಸಾ ತಟ್ಟೆ ಹಿಡಿದು ಓವಾಕ್ಕನ ಪಕ್ಕದಲ್ಲಿ ಕೂತು, ನಾಳೆ ಪಟ್ಟಣಕ್ಕೆ ಒಬ್ಬಳೇ ಕಾರಿನಲ್ಲಿ ಹೋಗಲು ಬೇಜಾರು, ಜೊತೆಗೆ ಬರುತ್ತೀರಾ ಎಂದು ಕೇಳಿದಳು. ಪಾದದ ಮಾತು ಎತ್ತಲಿಲ್ಲ. ಓವಾಕ್ಕ ಕೋಳಿಯ ತುಂಡೊಂದನ್ನು ಪೂರ್ತಿ ತಿಂದು ಮುಗಿಸಿದ ಮೇಲೆ, ಎಷ್ಟು ಹೊತ್ತಿಗೆ ಎಂದು ಕೇಳಿದರು.

ಬೇಸಿಗೆಯೆಲ್ಲ ಚಿಕಿತ್ಸೆ ನಡೆಯಿತು. ಹುಣ್ಣು ಮಾಯಿತು, ಪಾದ ಉಳಿಯಿತು.

ಅಕ್ಟೋಬರಿನಲ್ಲಿ ಅರ್ಜಿಗೆ ಪ್ರಬಂಧ ಬರೆಯಬೇಕಾಗಿ ಬಂದಾಗ ಪೆಲ್ಫ್ರಿ ಡಾಕ್ಟರು ಇದನ್ನೇ ಬರೆ ಎಂದರು. ಚರ್ಚಿನಲ್ಲಿ ಏನಾಯಿತೆಂದು ಟ್ರೆಸಾ ಅವರಿಗೆ ಹೇಳಿರಲಿಲ್ಲ, ಅವರೇ ಊಹಿಸಿದ್ದರು. ಟ್ರೆಸಾ ಒಪ್ಪಲಿಲ್ಲ. ಹೆಸರು ಬರೆಯಬೇಡ, ಊರು ಬರೆಯಬೇಡ ಎಂದರು. ಅವಳು ಹೇಳಿದ್ದು ಇಷ್ಟೇ:

"ಹೆಸ್ರು ಇಲ್ದಿದ್ರೂ ಅದು ಅವ್ರ ಕಾಲೇ ಅಲ್ವಾ ಡಾಕ್ಟ್ರೇ. ನಾನು ಟವೆಲ್ ಕಟ್ಕೊಂಡು ಕೂತಿದ್ದೆ, ಅದಕ್ಕೇ ಚಾಚಿದ್ರು."

ಪ್ರಬಂಧದಲ್ಲಿ ಅವಳು ಚಿಕಿತ್ಸಾಲಯದ ಕೆಲಸದ ಬಗ್ಗೆ ಬರೆದಳು. ನಾನು ಓದಿದೆ. ತಪ್ಪಿರಲಿಲ್ಲ, ಜೀವವೂ ಹೆಚ್ಚಿರಲಿಲ್ಲ. ಐದು ಕಾಲೇಜುಗಳಿಗೆ ಅರ್ಜಿ ಹೋಯಿತು. ನಾಲ್ಕರಿಂದ ಇಲ್ಲ ಎಂದು ಬಂತು. ಒಹಾಯೊದ ಒಂದು ಕಾಲೇಜು ಮಾತ್ರ ಸಂದರ್ಶನಕ್ಕೆ ಕರೆಯಿತು. ಆ ವರ್ಷ ಅವಳಿಗೆ ಉಳಿದಿದ್ದ ಬಾಗಿಲು ಅದೊಂದೇ. ಮುಂದಿನ ವರ್ಷದವರೆಗೆ ಪೆಲ್ಫ್ರಿಯವರ ಕೈ ಗಟ್ಟಿಯಾಗಿರುತ್ತದೆ ಎಂಬ ಭರವಸೆ ಅವರಿಗೇ ಇರಲಿಲ್ಲ.

ಫೆಬ್ರವರಿಯ ಹಿಮದಲ್ಲಿ ಅವಳ ಕಾರು ಐದು ಗಂಟೆ ಓಡೀತೆಂಬ ನಂಬಿಕೆ ಇಲ್ಲದೆ ನಾನೇ ಕರೆದುಕೊಂಡು ಹೋದೆ. ಅವಳು ಒಳಗೆ ಹೋಗಿ ಬರುವವರೆಗೆ ಕೆಳಗಿನ ಕ್ಯಾಂಟೀನಿನಲ್ಲಿ ಕೂತಿದ್ದೆ. ವಾಪಸು ಬರುವಾಗ ನದಿ ದಾಟಿ ಕೆಂಟಕಿಗೆ ಬಂದ ಮೇಲೆ ಅವಳು ಒಳಗೆ ನಡೆದದ್ದನ್ನು ಹೇಳಿದಳು.

ಮೊದಲ ವರ್ಷದ ಅಂಕಗಳ ಬಗ್ಗೆ ಕೇಳಿದ್ದರು. ಅವಳು ಗುರುವಾರದ ವಿಷಯವನ್ನು ಇದ್ದದ್ದು ಇದ್ದ ಹಾಗೆ ಹೇಳಿದ್ದಳು. ಯಾರಿಗೂ ಕಾಯಿಲೆ ಇರಲಿಲ್ಲ, ಯಾರೂ ಸತ್ತಿರಲಿಲ್ಲ, ಮನೆ ನೆನಪಾಗುತ್ತಿತ್ತು. ಸಂದರ್ಶನ ಮಾಡುತ್ತಿದ್ದವರಲ್ಲಿ ವಯಸ್ಸಾದ ಹೆಂಗಸೊಬ್ಬರು ಅದನ್ನು ಬರೆದುಕೊಂಡರಂತೆ. ಆಮೇಲೆ ಅವರೇ, ಈ ವೃತ್ತಿ ಬೇಕೆಂದು ನಿಮಗೆ ಅನಿಸುವಂತೆ ಮಾಡಿದ ಒಂದು ಪಾದದ ಬಗ್ಗೆ ಹೇಳಿ ಎಂದರು.

"ನೀನೇನಂದೆ?" ಎಂದೆ.

"ಒಂದಿದೆ, ಆದ್ರೆ ಅದು ನಾನು ಹೇಳೋದಲ್ಲ ಅಂದೆ."

"ಆಮೇಲೆ?"

"ಹೆಸ್ರು ಬೇಡ, ಬರೀ ವಿಷ್ಯ ಹೇಳಿ ಅಂದ್ರು. ಅದೂ ಆಗಲ್ಲ ಮೇಡಂ ಅಂದೆ. ಬೇರೆ ಇನ್ಯಾವ್ದಾದ್ರೂ ಹೇಳ್ಬಹುದಿತ್ತು ಸರ್. ಎಷ್ಟು ಕಾಲು ನೋಡಿಲ್ಲ ನಾನು. ಆದ್ರೆ ಕೇಳಿದ್ದು ಅದನ್ನೇ ಅಲ್ವಾ? ಬೇರೆದನ್ನ ಅದು ಅಂತ ಹೇಳೋಕೆ ಬಾಯಿ ಬರ್ಲಿಲ್ಲ."

ನಾನು ಹೀಟರ್ ಸ್ವಲ್ಪ ಜಾಸ್ತಿ ಮಾಡಿದೆ.

ಮಾರ್ಚಿನಲ್ಲಿ ಉತ್ತರ ಬಂತು. ಸೀಟು ಇಲ್ಲ, ಕಾಯುವವರ ಪಟ್ಟಿಯಲ್ಲಿ ಹೆಸರಿದೆ, ಯಾರಾದರೂ ಬಿಟ್ಟರೆ ತಿಳಿಸುತ್ತೇವೆ. ಪೆಲ್ಫ್ರಿ ಡಾಕ್ಟರಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಅವರಿಗೂ ಸ್ಪಷ್ಟವಿರಲಿಲ್ಲ. ರೋಗಿಯ ಗುಟ್ಟು ಕಾಯುವ ಕಾನೂನು ಅವರ ಬಾಯನ್ನೂ ಕಟ್ಟಿತ್ತು. ಅವರು ಎರಡು ದಿನ ಟ್ರೆಸಾಳ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಮೂರನೆಯ ದಿನ ಅವಳಿಗೆ ಇಷ್ಟವಾದ ಬಾಳೆಹಣ್ಣಿನ ಪುಡ್ಡಿಂಗನ್ನು ಹೆಂಡತಿಯ ಕೈಲಿ ಮಾಡಿಸಿ ತಂದಿಟ್ಟರು.

ಏಪ್ರಿಲಿನಲ್ಲಿ ಓವಾಕ್ಕ ಪಾದ ತೋರಿಸಲು ಬಂದರು. ಟ್ರೆಸಾ ಎತ್ತರದ ಕುರ್ಚಿಯಲ್ಲಿ ಅವರನ್ನು ಕೂರಿಸಿ, ಕೆಳಗಿನ ಸ್ಟೂಲಿನ ಮೇಲೆ ಕೂತು ಕಾಲುಚೀಲ ಸುರುಳಿ ಸುತ್ತಿ ತೆಗೆಯುತ್ತಿದ್ದಾಗ, ಕಾಲೇಜಿನ ಕಥೆ ಏನಾಯಿತೆಂದು ಅವರು ಕೇಳಿದರು. ಸಿಗಲಿಲ್ಲ ಎಂದಳು. ಯಾಕೆ ಎಂದರು. ಅವರು ಒಂದು ಪ್ರಶ್ನೆ ಕೇಳಿದರು, ನನಗೆ ಉತ್ತರ ಕೊಡಲಾಗಲಿಲ್ಲ ಎಂದಳು. ಏನು ಪ್ರಶ್ನೆ ಎಂದರು. ಟ್ರೆಸಾ ಉಗುರು ಕತ್ತರಿಸುವ ಸಾಮಾನು ತೆಗೆಯುವ ನೆಪದಲ್ಲಿ ಆ ಕಡೆ ತಿರುಗಿದಳು. ಓವಾಕ್ಕ ದಡ್ಡರಲ್ಲ.

"ನನ್ನ ಕಾಲಾ?" ಎಂದರು.

ಟ್ರೆಸಾ ಇತ್ತ ತಿರುಗದೆ ಸಾಮಾನು ಒರೆಸತೊಡಗಿದಳು.

"ಲೇ ಹುಚ್ಚುಡುಗಿ. ಹೇಳ್ಬಾರ್ದಿತ್ತಾ?"

"ನೀವು ಹೇಳ್ಬಹುದು ಅಕ್ಕ. ನಾನು ಹೇಳೋ ಹಾಗಿಲ್ವಲ್ಲ."

ಓವಾಕ್ಕ ತಮ್ಮ ಬರಿಯ ಪಾದವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಆ ಕಾಲೇಜಿನ ನಂಬರು ಕೇಳಿದರು. ಟ್ರೆಸಾ ಕೊಡಲಿಲ್ಲ. ಅವರು ಬರಿಗಾಲಲ್ಲೇ ಇಳಿಯಹೊರಟದ್ದು ಕಂಡು ಅವಳು ಹೆದರಿ ಚಪ್ಪಲಿ ತೊಡಿಸಿದಳು. ಓವಾಕ್ಕ ಹೊರಗಿನ ಮೇಜಿಗೆ ಹೋಗಿ, ಅಲ್ಲಿದ್ದ ಹೆಂಗಸಿನಿಂದ ನಂಬರು ಹುಡುಕಿಸಿ ಹಾಕಿಸಿಕೊಂಡು ಫೋನು ಹಿಡಿದು ನಿಂತರು. ಕಾಯುತ್ತಿದ್ದ ರೋಗಿಗಳು, ಬಾಗಿಲಲ್ಲಿ ನಿಂತ ಡಾಕ್ಟರು, ಎಲ್ಲರಿಗೂ ಕೇಳಿಸಿತು.

"ಹಲೋ, ನಾನು ಕೆಂಟಕಿಯಿಂದ ಓವಾ ನೇಪಿಯರ್ ಮಾತಾಡೋದು. ಇಲ್ಲಮ್ಮ, ನನಗೆ ಸೀಟು ಬೇಡ, ಎಪ್ಪತ್ತೇಳಾಯ್ತು ನನಗೆ. ಟ್ರೆಸಾ ಸ್ಲೋನ್ ಅಂತ ಒಬ್ಳು ನಿಮ್ಮಲ್ಲಿಗೆ ಬಂದಿದ್ಲಲ್ಲ, ಒಂದು ಪಾದದ ವಿಷ್ಯ ಕೇಳಿದ್ರೆ ಬಾಯಿ ಬಿಡ್ಲಿಲ್ಲ. ಆ ಪಾದ ನಂದು. ಬರ್ಕೋತೀರಾ? ಎಡಗಾಲು. ಅಡೀಲಿ ತೂತಾಗಿತ್ತು. ಕಾಲುಚೀಲಕ್ಕೆ ಕಲೆ ಆಗ್ತಿತ್ತು, ನನಗೆ ಗೊತ್ತಿತ್ತು ಕಣಮ್ಮ, ಗೊತ್ತಿದ್ದೂ ಮುಚ್ಚಿಟ್ಟಿದ್ದೆ. ನನ್ನ ತಮ್ಮಂಗೆ ಮೊದ್ಲು ಬೆರಳು ತೆಗೆದ್ರು, ಆಮೇಲೆ ಪಾದ, ಆಮೇಲೆ ಮಂಡಿವರ್ಗೂ. ಆಮೇಲೆ ಅವ್ನೇ ಇಲ್ಲ. ಅದಕ್ಕೇ ನಾನು ಯಾರ್ಗೂ ತೋರಿಸಿರ್ಲಿಲ್ಲ. ಈ ಹುಡುಗಿ ಚರ್ಚಲ್ಲಿ ನನ್ನ ಕಾಲು ತೊಳೀತಾ ನೋಡಿದ್ಲು. ನೋಡಿ ಒಂದು ಮಾತೂ ಆಡ್ಲಿಲ್ಲ, ನನ್ನ ಮರ್ಯಾದೆ ಕಳೀಲಿಲ್ಲ. ಮಾರ್ನೆ ದಿನ ಕಾರಲ್ಲಿ ಕೂರಿಸ್ಕೊಂಡು ಡಾಕ್ಟ್ರ ಹತ್ರ ಕರ್ಕೊಂಡು ಬಂದ್ಲು. ಈಗ ಆ ಕಾಲ ಮೇಲೇ ನಿಂತ್ಕೊಂಡು ನಿಮ್ಮ ಜೊತೆ ಮಾತಾಡ್ತಿದೀನಿ. ಅಷ್ಟೇ. ಊಟ ಆಯ್ತಾ ನಿಮ್ದು?"

ಆ ಕಡೆಯವರು ಎಲ್ಲವನ್ನೂ ಬರೆದುಕೊಂಡಿದ್ದೇನೆ ಎಂದರಂತೆ.

ಜೂನ್ ಎರಡನೆಯ ವಾರ ಸೀಟು ಬಂತು. ಓವಾಕ್ಕನ ಫೋನಿನಿಂದಲೇ ಬಂತು ಎಂದು ಚರ್ಚಿನವರೆಲ್ಲ ಹೇಳುತ್ತಾರೆ. ಒಂದರ ನಂತರ ಇನ್ನೊಂದು ನಡೆದ ಮಾತ್ರಕ್ಕೆ ಮೊದಲಿನದು ಎರಡನೆಯದಕ್ಕೆ ಕಾರಣವೆಂದು ನಾನು ಒಪ್ಪುವುದಿಲ್ಲ. ಯಾರೋ ಒಬ್ಬರು ಬೇರೆ ಕಾಲೇಜು ಆರಿಸಿಕೊಂಡು ಜಾಗ ಬಿಟ್ಟಿರಬಹುದು. ಓವಾಕ್ಕನಿಗೆ ಹೀಗೆಂದು ಒಮ್ಮೆ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ನೀನು ಚಿಕ್ಕವನಾಗಿದ್ದಾಗಲೂ ಹೀಗೇ ಇದ್ದೆ ಎಂದರು.

ಟ್ರೆಸಾಳ ಚಿಂತೆ ಬೇರೆಯಾಗಿತ್ತು. ತಾನು ಹೋದ ಮೇಲೆ ಓವಾಕ್ಕನ ಪಾದದ ಮೇಲೆ ಕಣ್ಣಿಡುವವರು ಯಾರು? ಓವಾಕ್ಕನಿಗೆ ಬಗ್ಗಿ ತಮ್ಮ ಅಂಗಾಲು ನೋಡಿಕೊಳ್ಳಲು ಆಗುವುದಿಲ್ಲ. ಆಗಸ್ಟಿನಲ್ಲಿ ಹೊರಡುವ ಮುಂಚೆ ಅವಳು ಅವರ ಗಂಡ ಬರ್ನಿಸ್ ಅವರನ್ನು ಚಿಕಿತ್ಸಾಲಯಕ್ಕೆ ಕರೆಸಿದಳು. ಬರ್ನಿಸಣ್ಣ ಕಲ್ಲಿದ್ದಲ ಲಾರಿ ಓಡಿಸಿ ನಿವೃತ್ತರಾದವರು, ಮಾತು ಕಡಿಮೆ. ಮದುವೆಯಾಗಿ ಐವತ್ತೈದು ವರ್ಷವಾದರೂ ಹೆಂಡತಿಯ ಅಂಗಾಲನ್ನು ಅವರು ನೋಡಿರಲಿಲ್ಲ. ಚರ್ಚಿನಲ್ಲಿ ಅವರು ಕೂರುವುದು ಗಂಡಸರ ಕಡೆ.

ಟ್ರೆಸಾ ಅವರನ್ನು ತನ್ನ ಸ್ಟೂಲಿನ ಮೇಲೆ ಕೂರಿಸಿ ಕೈಗೆ ಸಣ್ಣ ಟಾರ್ಚು ಕೊಟ್ಟಳು. ಅವರು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು. ಬೆರಳುಗಳ ಸಂದು ಬಿಡಿಸಿ ನೋಡುವುದು, ಅಂಗಾಲಿನ ಮೇಲೆ ಅಂಗೈ ಆಡಿಸಿ ಎಲ್ಲಿ ಬಿಸಿಯಾಗಿದೆ ಎಂದು ಹುಡುಕುವುದು, ಕೆಂಪಾಗಿದ್ದರೆ ಕೂಡಲೇ ಫೋನ್ ಮಾಡುವುದು. ಒಂದೊಂದನ್ನೂ ಅವಳು ತಾನು ಮಾಡಿ ತೋರಿಸಿ, ಅವರಿಂದ ಮಾಡಿಸಿದಳು. ಸಂದುಗಳನ್ನು ನೋಡಿ ಮುಗಿಸಿ ಹುಣ್ಣು ಮಾಯ್ದ ಜಾಗಕ್ಕೆ ಬಂದು ಅಲ್ಲೇ ನಿಂತರು. ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ಸವರಿದರು.

"ಮುಟ್ಟಿದ್ದು ಗೊತ್ತಾಗ್ತಿದ್ಯೇನೇ?" ಎಂದರು.

"ಇಲ್ಲ," ಎಂದರು ಓವಾಕ್ಕ. "ನೋಡ್ತಿದೀನಲ್ಲ, ಮಾಡು."