ಅಂಗಳದ ಕೆರೆ ಸೋರಿದ್ದು

ದೆವ್ವ, ಶಕುನ, ಮೈಮೇಲೆ ದೇವರು ಬರುವುದು ಎಂದರೆ ನಗುತ್ತಿದ್ದವನು ನಾನು. ಪೂಜಾರಿಕೆಯ ವೈಷ್ಣವರ ಮನೆಯಲ್ಲಿ ಹುಟ್ಟಿದರೂ, ಓವರ್‌ಸೀಯರ್ ಕೆಲಸಕ್ಕೆ ಸೇರಿದ ಮೇಲೆ ಟೇಪಿನ ಅಳತೆಗೆ ಸಿಗದ ಯಾವುದನ್ನೂ ನಂಬುತ್ತಿರಲಿಲ್ಲ. ಈಗ ಹೇಳಹೊರಟಿರುವುದು ಟೇಪಿನ ಅಳತೆಗೆ ಸಿಕ್ಕ ಸಂಗತಿಯೇ. ನನ್ನ ಪೇಚಾಟವೂ ಅದೇ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ಎಂಬತ್ತರ ದಶಕದ ಆರಂಭ. ಕೋಸಗಿ ಸ್ಟೇಷನ್ನಿಗೆ ಹತ್ತಿರದ ಒಂದು ಹಳ್ಳಿಯ ಕೆರೆಯ ಉಸ್ತುವಾರಿ ನನ್ನದಾಗಿತ್ತು. ಹೊಸ ರಸ್ತೆಗೆಂದು ಮಣ್ಣು ಏರಿಸಿದ್ದರಿಂದ, ಬೇರೆ ಕಡೆ ಹರಿಯುತ್ತಿದ್ದ ಹಳ್ಳವೊಂದು ಈ ಕೆರೆಗೇ ತಿರುಗಿಕೊಂಡಿತ್ತು. ಭಾರಿ ಮಳೆಯಾದರೆ ನೀರು ಎಷ್ಟು ಏರುತ್ತದೆ, ಕೋಡಿ ತಡೆಯುತ್ತದೆಯೇ ಎಂದು ನೋಡಬೇಕಿತ್ತು. ಕಾಗದದ ಲೆಕ್ಕ ಸಾಲದೆಂದು ಬಾಡಿಗೆ ಮನೆಯ ಅಂಗಳದಲ್ಲೇ ಒಂದು ಪುಟ್ಟ ಕೆರೆ ಕಟ್ಟಿದೆ. ನೂರು ಅಡಿಗೆ ಒಂದು ಗೇಣು. ಏರಿ, ಕೋಡಿ, ತೂಬು, ಎರಡು ಹಳ್ಳ, ರಸ್ತೆ, ಒಂದನ್ನೂ ಬಿಡಲಿಲ್ಲ. ಮಣ್ಣು ನನ್ನ ಹಿತ್ತಲಿನದು. ತಳಕ್ಕೆ ಮೊಳೆಯಿಂದ ತೂತು ಹೊಡೆದ ಎಣ್ಣೆ ಡಬ್ಬಿಯೇ ಮಳೆರಾಯ.

ಪಕ್ಕದ ಮನೆಯ ಈರಮ್ಮ ಕುರಿ ಸಾಕುವಾಕೆ, ಬಾಯಿ ಜೋರು. ಗೋಡೆಯಾಚೆಯಿಂದ ಇಣುಕಿ, "ಜಲ್ದಿ ಲಗ್ನ ಮಾಡ್ಕಳ್ರಿ ಸಾಮಿ, ಮಣ್ಣಾಗ ಆಡಾದು ತಾನೇ ಬಿಡ್ತೀರಿ," ಎಂದು ಛೇಡಿಸುತ್ತಿದ್ದಳು. ಅವಳ ಮಗಳ ಮದುವೆಗೆ ಮೂರೇ ದಿನವಿತ್ತು. ಅವಳ ಮನೆ, ನನ್ನ ಮನೆ, ಮದುವೆಯ ಚಪ್ಪರ ಎಲ್ಲವೂ ಕೆರೆ ಏರಿಯ ಕೆಳಗೇ. ಕಾರ್ತಿಕ ಮಾಸ, ಕೆರೆ ಮುಕ್ಕಾಲು ತುಂಬಿತ್ತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆಯೆಂದು ರೇಡಿಯೋ ಹೇಳುತ್ತಿತ್ತು.

ಆ ಬೆಳಿಗ್ಗೆ ಡಬ್ಬಿಯಿಂದ ನೀರು ಸುರಿದೆ. ಕೋಡಿ ಸೊಗಸಾಗಿ ಹರಿಯಿತು. ಆದರೆ ಬಲತುದಿಯಿಂದ ಒಂದೂವರೆ ಗೇಣು ಈಚೆಗೆ, ಏರಿಯ ಬುಡದಲ್ಲಿ ನೀರು ಜಿನುಗಿತು. ನನ್ನ ಕೈಕೆಲಸ ಸರಿಯಿಲ್ಲವೆಂದು ಒತ್ತಿ ಮೆತ್ತಿದೆ. ಮತ್ತೆ ಅಲ್ಲೇ. ಏರಿಯನ್ನು ಪೂರ್ತಿ ಕಿತ್ತು, ಬೇರೆ ಮಣ್ಣು ತಂದು, ತುಳಿದು ಕಟ್ಟಿದೆ. ಇಲಿಬಿಲವಿದೆಯೇನೋ ಎಂದು ಅಡಿಯ ನೆಲವನ್ನೂ ಅಗೆದು ನೋಡಿದ್ದೆ, ಏನೂ ಇರಲಿಲ್ಲ. ಮೂರನೆಯ ಸಲವೂ ಅದೇ ಒಂದೂವರೆ ಗೇಣಿಗೆ ನೂಲಿನಷ್ಟು ನೀರು ಹೊರಬಂತು.

ನಾಚಿಕೆ ಬಿಟ್ಟು ಟೇಪು ಹಿಡಿದು ನಿಜವಾದ ಕೆರೆಗೆ ಹೋದೆ. ತಮಾಷೆ ನೋಡಲು ಈರಮ್ಮನೂ ಬಂದಳು. ಬಲತುದಿಯಿಂದ ನೂರೈವತ್ತು ಅಡಿ ಅಳೆದು ಏರಿಯ ಹಿಂಬದಿಗೆ ಇಳಿದೆ. ಅಲ್ಲೊಂದು ಜಾಲಿಯ ಪೊದೆ. ಕೊಂಬೆ ಸರಿಸಿದರೆ ಆಳು ಕೂರುವಷ್ಟು ದೊಡ್ಡ ಗುಳಿ, ಅದರ ತಳ ಒದ್ದೆ!

ಈರಮ್ಮ ಬಾಯಿಗೆ ಸೆರಗು ಹಚ್ಚಿದಳು. "ಅಯ್ಯೋ ದೇವುಡಾ! ಇದು ನಾವು ಹೆಣ್ಮಕ್ಳು ತಗದ ಕುಣಿ ರೀ ಸಾಮಿ. ಮದಿವಿ ಮನಿ ಗ್ವಾಡಿ ಸಾರ್ಸಾಕ ಐದು ಮಂದಿ ಮುತ್ತೈದೇರು ಇಲ್ಲಿಂದಾನ ಕೆಮ್ಮಣ್ಣು ತರಬೇಕು. ನಮ್ಮತ್ತಿ ಕಾಲದಿಂದ ಐತಿ. ಗಂಡಸ್ರು ನೋಡಬಾರ್ದು, ಅದಕ್ಕ ಯಾರಿಗೂ ಹೇಳಿಲ್ರಿ." ಆಮೇಲೆ ಆ ಜೋರು ಬಾಯಿ ಸಣ್ಣಗಾಯಿತು. "ಮದಿವಿ ನಿಂದರ್ಸಬೇಕೇನ್ರಿ?"

"ಬ್ಯಾಡ ಈರಮ್ಮ. ತಗದವ್ರೆಲ್ಲ ಬಂದು ತುಂಬ್ರಿ," ಎಂದೆ.

ಅಷ್ಟೇ ಸಾಕಾಯಿತು. ಹೊಸ ಸೊಸೆಯಿಂದ ಹಿಡಿದು ಹಲ್ಲಿಲ್ಲದ ಅಜ್ಜಿಯವರೆಗೆ ಊರ ಹೆಂಗಸರೆಲ್ಲ ಬುಟ್ಟಿ ಹೊತ್ತು ಬಂದರು. ಸೋಬಾನೆ ಹಾಡುತ್ತಲೇ ಕಲ್ಲು, ಗರಸು, ಜೇಡಿಮಣ್ಣು ತುಂಬಿದರು. ಮಣ್ಣು ಕೂರಬೇಕಲ್ಲ! ಇಲಾಖೆಯ ರೋಲರ್ ಬರುವ ಹೊತ್ತಿಗೆ ಮದುಮಗಳಿಗೆ ಮಗುವಾಗಿರುತ್ತಿತ್ತು. ಈರಮ್ಮ ತನ್ನ ಇನ್ನೂರು ಕುರಿಗಳನ್ನು ಅದರ ಮೇಲೆ ಹಿಂದೆ ಮುಂದೆ ಓಡಿಸಿದಳು. ಎರಡು ದಿನ ತುಳಿದ ಆ ಮಣ್ಣಿನಲ್ಲಿ ನನ್ನ ಹಾರೆ ಇಳಿಯಲಿಲ್ಲ. ಅಷ್ಟು ಖುಷಿಯಿಂದ ನಾನು ಯಾವ ಕೆಲಸವನ್ನೂ ಮಾಡಿಸಿಲ್ಲ.

ಮದುವೆಯ ಹಿಂದಿನ ಸಂಜೆ ಹಿಡಿದ ಮಳೆ ಮುಹೂರ್ತಕ್ಕೂ ಬಿಡಲಿಲ್ಲ. ಎರಡೂ ಹಳ್ಳ ಬಂದು ಕೆರೆ ಕೋಡಿ ಬಿತ್ತು. ನಾನು ಕೊಡೆ ಹಿಡಿದು ಆ ಜಾಗದಲ್ಲೇ ನಿಂತಿದ್ದೆ. ಹನಿಯೂ ಸೋರಲಿಲ್ಲ. ಕೆಳಗೆ ಚಪ್ಪರದಲ್ಲಿ ಮದುಮಗನ ರುಮಾಲಿನ ಬಣ್ಣ ಇಳಿದು ಮುಖವೆಲ್ಲ ಕೆಂಪಾಗಿ, ಮದುಮಗಳು ತಾಳಿ ಕಟ್ಟಿಸಿಕೊಳ್ಳುತ್ತಲೇ ನಕ್ಕಳು. ಮಡಿಯನ್ನು ಅಪ್ಪನ ಪಾಲಿಗೆ ಬಿಟ್ಟು ನಾನು ನಾಲ್ಕು ಹೋಳಿಗೆ ತಿಂದೆ.

ಇಷ್ಟೇ ಆಗಿದ್ದರೆ ಕಾಕತಾಳೀಯವೆಂದು ಮರೆತುಬಿಡುತ್ತಿದ್ದೆ. ಮಳೆ ನಿಂತ ಮೇಲೆ, ತಗಡು ಮುಚ್ಚಿಟ್ಟಿದ್ದ ಅಂಗಳದ ಕೆರೆಯನ್ನು ತೆರೆದೆ. ಮೂರನೆಯ ಸಲ ಸೋರಿದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಡಬ್ಬಿ ತುಂಬಿ ಸುರಿದೆ. ಸೋರಲಿಲ್ಲ. ಇನ್ನೊಂದು, ಮತ್ತೊಂದು ಡಬ್ಬಿ. ಬುಡ ಒಣಗಿಯೇ ಇತ್ತು.

ಈರಮ್ಮ ಗೋಡೆಯಾಚೆಯಿಂದ ನೋಡುತ್ತಿದ್ದಳು. "ಸೋರವಲ್ದು ಈರಮ್ಮ!" ಎಂದು ಕೂಗಿದೆ.

ಆಕೆ ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಯಾಕ ಸೋರತೈತ್ರಿ ಸಾಮಿ? ನಾವು ತುಂಬೀವಲ್ರಿ."

ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಇಂದಿಗೂ ಸಿಕ್ಕಿಲ್ಲ.